ಹೊಳೆ ದಾಟಿದರೆ ಹಣ ಬೇರೆ



ನಾಗಮಂಗಲದಲ್ಲಿ ಬಸ್ಸು ಹತ್ತಿ, ಪಾಂಡವಪುರದ ಮೇಲೆ ಶ್ರೀರಂಗಪಟ್ಟಣಕ್ಕೆ ಬಂದು ಇಳಿಯುವುದು ಇಂದು ಒಂದು ಬೆಳಗಿನ ಕೆಲಸ. ದಾರಿಯಲ್ಲಿ ಹಣದ ವಿಷಯಕ್ಕೆ ಬರುವ ತಕರಾರು ಒಂದೇ: "ಚಿಲ್ಲರೆ ಕೊಡಿ ಸ್ವಾಮಿ" ಎನ್ನುವ ಕಂಡಕ್ಟರರ ಗೊಣಗಾಟ. ನಾಗಮಂಗಲದಲ್ಲಿ ನಡೆಯುವ ನೋಟು ಶ್ರೀರಂಗಪಟ್ಟಣದಲ್ಲೂ ನಡೆಯುತ್ತದೆ, ಬೀದರದಲ್ಲೂ ನಡೆಯುತ್ತದೆ. ಇದು ನಮಗೆ ಗಾಳಿ ನೀರಿನಷ್ಟು ಸಹಜವಾಗಿಬಿಟ್ಟಿದೆ.

1799ರ ಮೇ 4ರಂದು ಟಿಪ್ಪು ಸುಲ್ತಾನ್ ಯುದ್ಧದಲ್ಲಿ ಮಡಿದ ಮೇಲೆ ಈ ದಾರಿಯ ಲೆಕ್ಕ ಬೇರೆಯಾಯಿತು. ಮೈಸೂರು ರಾಜ್ಯ ಒಡೆಯರ ಮನೆತನಕ್ಕೆ ಮರಳಿ ಬಂತು. ಆದರೆ ಶ್ರೀರಂಗಪಟ್ಟಣದ ಕೋಟೆಯನ್ನೂ ದ್ವೀಪವನ್ನೂ ಈಸ್ಟ್ ಇಂಡಿಯಾ ಕಂಪನಿ ತನ್ನ ಬಳಿಯೇ ಉಳಿಸಿಕೊಂಡಿತು. ಅಂದರೆ ನಾಗಮಂಗಲದ ರೈತ ಕಾವೇರಿ ದಾಟಿದ ಕೂಡಲೇ ಇನ್ನೊಂದು ಸರ್ಕಾರದ ನೆಲದ ಮೇಲೆ ಕಾಲಿಡುತ್ತಿದ್ದ. ಈ ದಡದಲ್ಲಿ ಕಂಠೀರಾಯಿ ಹಣದ ಲೆಕ್ಕ. ಆ ದಡದಲ್ಲಿ ಕಂಪನಿಯ ಸೈನ್ಯ, ಮದರಾಸಿನ ನಕ್ಷತ್ರ ವರಹದ ಲೆಕ್ಕ. ಗಡಿ ಎಂದರೆ ಮುಳ್ಳುತಂತಿ, ಪಾಸ್‌ಪೋರ್ಟು ಎಂದು ತಿಳಿದಿರುವ ನಮಗೆ, ನಮ್ಮ ಹೊಳೆಯೇ ಒಂದು ಕಾಲಕ್ಕೆ ಹಣದ ಗಡಿಯಾಗಿತ್ತು ಎಂಬುದು ಸೋಜಿಗವೆನಿಸಬಹುದು. ಗಡಿ ದಾಟುವವನು ತನ್ನ ಹಣವನ್ನು ನಷ್ಟವಿಲ್ಲದೆ ಬದಲಾಯಿಸಿಕೊಳ್ಳುವುದು ಹೇಗೆ? ಈ ಸಲದ ನಮ್ಮ ಮಾತುಕತೆ ಈ ಹಳೆಯ ಪ್ರಶ್ನೆಯ ಸುತ್ತ.

ಒಂದು ಜೊತೆ ಎತ್ತಿನ ಕಥೆ

ಮೊದಲು ಒಂದು ಕಲ್ಪನೆ. 1800ರ ದಶಕದ ಒಂದು ದಿನ. ನಾಗಮಂಗಲ ಸೀಮೆಯ ರೈತನೊಬ್ಬ ತನ್ನ ಹಳ್ಳಿಕಾರ್ ತಳಿಯ ಎತ್ತಿನ ಜೊತೆಯನ್ನು ಜಾತ್ರೆಗೆ ಹೊಡೆದುಕೊಂಡು ಹೋಗುತ್ತಾನೆ. ಕೊಳ್ಳಲು ಬಂದವನು ಘಟ್ಟದ ಕೆಳಗಿನ ಸೇಲಂ ಕಡೆಯವನು. ಅವನ ಸೊಂಟದ ಚೀಲದಲ್ಲಿರುವುದು ಮದರಾಸಿನ ನಕ್ಷತ್ರ ವರಹ. ಲೆಕ್ಕ ಸುಲಭವಾಗಲೆಂದು ಬೆಲೆ ಹತ್ತು ವರಹ ಎಂದು ಇಟ್ಟುಕೊಳ್ಳೋಣ.

ರೈತ ಮನೆಗೆ ಬಂದ. ಕಂದಾಯದ ಕಾಲ. ಶಾನುಭೋಗರ ಕಡತದಲ್ಲಿ ಅವನ ಬಾಕಿ ಬರೆದಿರುವುದು ಕಂಠೀರಾಯಿ ಲೆಕ್ಕದಲ್ಲಿ. ಹಾಗಾಗಿ ವರಹವನ್ನು ಹಣವಾಗಿ ಮಾಡಿಸಬೇಕು. ಪೇಟೆಯ ಚಿನಿವಾರನ ಬಳಿ ಹೋದ. ನ್ಯಾಯವಾದ ದರ ವರಹಕ್ಕೆ 12 ಹಣ. ಹತ್ತು ವರಹಕ್ಕೆ 120 ಹಣ ಬರಬೇಕು. ಚಿನಿವಾರ ಕಟ್ಟಿದ್ದು ವರಹಕ್ಕೆ ಹನ್ನೊಂದೂವರೆ. ಕೈಗೆ ಬಂದದ್ದು 115. ಕಂದಾಯ 118 ಹಣವಿದ್ದರೆ? ಎತ್ತೂ ಹೋಯಿತು, ಬಾಕಿಯೂ ಉಳಿಯಿತು.

ಈ ರೈತ ಊರಿನ ಗಡಿಯನ್ನೂ ದಾಟಿಲ್ಲ ಎಂಬುದನ್ನು ಗಮನಿಸಿ. ಗಡಿಯೇ ಕೊಳ್ಳುವವನ ಚೀಲದಲ್ಲಿ ಕುಳಿತು ಅವನ ಮನೆಯ ತನಕ ಬಂದಿತ್ತು.

ಪಟ್ಟಣದ ಟಂಕಸಾಲೆ

ಇಷ್ಟೊಂದು ಬಗೆಯ ನಾಣ್ಯಗಳು ಎಲ್ಲಿಂದ ಬಂದವು? ಇದಕ್ಕೆ ಉತ್ತರ ಶ್ರೀರಂಗಪಟ್ಟಣದಲ್ಲಿಯೇ ಇದೆ.

1638ರಿಂದ 1659ರವರೆಗೆ ಆಳಿದ ಕಂಠೀರವ ನರಸರಾಜ ಒಡೆಯರು ಮೈಸೂರು ಅರಸರಲ್ಲಿ ಮೊದಲು ಟಂಕಸಾಲೆ ತೆರೆದವರು. ಅವರು ಅಚ್ಚು ಹಾಕಿಸಿದ ಸಣ್ಣ ಚಿನ್ನದ ನಾಣ್ಯವೇ ಕಂಠೀರಾಯಿ ಹಣ. ಅದರ ಮೇಲೆ ನರಸಿಂಹನ ಮೂರ್ತಿ. ತೂಕ ಒಂದು ಗ್ರಾಮಿನ ಮೂರನೆಯ ಒಂದು ಭಾಗದ ಆಸುಪಾಸು, ಅಂದರೆ ಸುಮಾರು ಮೂರು ಗುಲಗಂಜಿ. ಹತ್ತು ಹಣ ಸೇರಿದರೆ ಒಂದು ಕಂಠೀರಾಯಿ ವರಹ. ಇಲ್ಲೊಂದು ಸ್ವಾರಸ್ಯವಿದೆ. ಈ ಕಂಠೀರಾಯಿ ವರಹ ಎಂಬ ನಾಣ್ಯ ಯಾರ ಕೈಯಲ್ಲೂ ಇರಲಿಲ್ಲ. ಅದು ಕಡತದಲ್ಲಿ ಮಾತ್ರ ಬದುಕಿದ್ದ ಲೆಕ್ಕದ ನಾಣ್ಯ. ಕೈಯಲ್ಲಿ ಓಡಾಡುತ್ತಿದ್ದುದು ಹಣ. ನಾಣ್ಯ ಕಣ್ಣಿಗೆ ಕಾಣದಿದ್ದರೂ ರಾಜ್ಯದ ಲೆಕ್ಕಪತ್ರ ಅದರ ಹೆಸರಿನಲ್ಲಿ ನಡೆಯಿತು.

ಹೈದರಾಲಿ 1763ರಲ್ಲಿ ಬಿದನೂರನ್ನು ಗೆದ್ದ ಮೇಲೆ ಅಲ್ಲಿಂದ ವರಹ ಹೊರಡಿಸಿದ. ಒಂದು ಬದಿಯಲ್ಲಿ ಶಿವ ಪಾರ್ವತಿಯರು, ಇನ್ನೊಂದು ಬದಿಯಲ್ಲಿ ತನ್ನ ಹೆಸರಿನ ಮೊದಲ ಪಾರಸಿ ಅಕ್ಷರ. ಇದು ಇಕ್ಕೇರಿ ವರಹದ ಮಾದರಿ. ಅದಕ್ಕೂ ಹಿಂದೆ ವಿಜಯನಗರದ ಮಾದರಿ. ಹೊಸ ಅರಸ ಹಳೆಯ ಚಿತ್ರವನ್ನೇ ಏಕೆ ಉಳಿಸಿಕೊಂಡ? ಸಂತೆಯಲ್ಲಿ ಜನ ಗುರುತಿಸುತ್ತಿದ್ದ, ನಂಬುತ್ತಿದ್ದ ವರಹ ಅದು. ಚಿತ್ರ ಬದಲಾದರೆ ನಂಬಿಕೆ ಅಲುಗುತ್ತದೆ, ನಂಬಿಕೆ ಅಲುಗಿದರೆ ಬೆಲೆ ಇಳಿಯುತ್ತದೆ. ಮದರಾಸಿನ ಕಂಪನಿಯೂ ಇದೇ ಲೆಕ್ಕ ಹಾಕಿತು. ಅದರ ನಕ್ಷತ್ರ ವರಹದ ಒಂದು ಬದಿಯಲ್ಲಿ ನಕ್ಷತ್ರವಿದ್ದರೆ, ಇನ್ನೊಂದು ಬದಿಯಲ್ಲಿ ಇದ್ದವನು ವಿಷ್ಣು.

ಟಿಪ್ಪು ಸುಲ್ತಾನನ ಕಾಲದಲ್ಲಿ ನಾಣ್ಯಗಳ ಸಂಸಾರ ಇನ್ನೂ ದೊಡ್ಡದಾಯಿತು. ಪಟ್ಟಣ, ನಗರ, ಬೆಂಗಳೂರು, ಚಿತ್ರದುರ್ಗ, ಗುತ್ತಿ, ಕಲ್ಲಿಕೋಟೆ ಹೀಗೆ ಹಲವು ಕಡೆ ಟಂಕಸಾಲೆಗಳು. ಚಿನ್ನದಲ್ಲಿ ಅಹಮದಿ, ಫಾರೂಕಿ, ರಾಹತಿ. ಬೆಳ್ಳಿಯಲ್ಲಿ ಎರಡು ರೂಪಾಯಿಯ ಹೈದರಿ, ಒಂದು ರೂಪಾಯಿಯ ಇಮಾಮಿ. ತಾಮ್ರದಲ್ಲಿ ಆನೆಯ ಚಿತ್ರ ಹೊತ್ತ ಪೈಸೆಗಳು. ಶ್ರೀರಂಗಪಟ್ಟಣಕ್ಕೆ ಹೋದಾಗ ವಸ್ತುಸಂಗ್ರಹಾಲಯದಲ್ಲಿ ಈ ಆನೆ ಕಾಸನ್ನು ಹುಡುಕಿ ನೋಡಿ. ಟಿಪ್ಪುವಿನ ವ್ಯಾಪಾರದ ಕೋಠಿ ಸಮುದ್ರದಾಚೆ ಮಸ್ಕತ್ತಿನಲ್ಲೂ ಇತ್ತು. ನಮ್ಮ ಗಂಧ, ಮೆಣಸು, ಏಲಕ್ಕಿ ಅಲ್ಲಿ ಮಾರಾಟವಾಗುತ್ತಿದ್ದವು. ಅಲ್ಲಿಯ ಗುಮಾಸ್ತರಿಗೂ ನಾಣ್ಯ ಬದಲಾವಣೆಯ ಲೆಕ್ಕ ನಿತ್ಯದ ಕೆಲಸ.

ಟಿಪ್ಪುವಿನ ನಂತರ ದಿವಾನ್ ಪೂರ್ಣಯ್ಯನವರ ಆಡಳಿತದಲ್ಲಿ ಕಂಠೀರಾಯಿ ಹಣ ಮತ್ತೆ ಅಚ್ಚಾಯಿತು. ಜನ ಹಳೆಯದನ್ನು ಅಗಲ ಕಂಠೀರಾಯಿ ಎಂದರು, ಹೊಸದನ್ನು ಗಿಡ್ಡ ಕಂಠೀರಾಯಿ ಎಂದರು. ಹೊಸ ನಾಣ್ಯ ಬಂದಿತೆಂದು ಹಳೆಯದು ಮಾಯವಾಗುವುದಿಲ್ಲ. ಇಕ್ಕೇರಿ ವರಹ, ಬಹದ್ದೂರಿ ವರಹ, ನಕ್ಷತ್ರ ವರಹ, ಸುಲ್ತಾನಿ ಹಣ, ಕಂಠೀರಾಯಿ ಹಣ ಎಲ್ಲವೂ ಒಂದೇ ಸಂತೆಯಲ್ಲಿ ಉರುಳಾಡಿದವು. 1800ರ ಏಪ್ರಿಲ್‌ನಲ್ಲಿ ಮದರಾಸಿನಿಂದ ಹೊರಟು ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳನ್ನು ಸುತ್ತಿದ ವೈದ್ಯ ಫ್ರಾನ್ಸಿಸ್ ಬುಕಾನನ್ ನಮ್ಮ ಶ್ರೀರಂಗಪಟ್ಟಣ, ಮೇಲುಕೋಟೆ, ನಾಗಮಂಗಲಗಳ ದಾರಿಯನ್ನೂ ಸವೆಸಿದ್ದಾನೆ. 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಅವನ ಮೂರು ಸಂಪುಟಗಳಲ್ಲಿ ಬೆಳೆ, ಕಸುಬುಗಳ ಜೊತೆಗೆ ಊರೂರಿನ ತೂಕ, ಅಳತೆ, ನಾಣ್ಯಗಳ ವಿವರವೂ ಸಿಗುತ್ತದೆ. ಪ್ರಯಾಣಿಕನಿಗೆ ಭೂಪಟ ಎಷ್ಟು ಅಗತ್ಯವೋ ನಾಣ್ಯದ ಪಟ್ಟಿಯೂ ಅಷ್ಟೇ ಅಗತ್ಯವಾಗಿದ್ದ ಕಾಲ ಅದು.

ಚಿನಿವಾರನ ಮೂರು ಪ್ರಶ್ನೆಗಳು

ಇಂಥ ಸಂತೆಯಲ್ಲಿ ಬೆಲೆ ಕಟ್ಟುವವನು ಚಿನಿವಾರ, ಅಥವಾ ಸರಾಫ. ಅವನ ಮುಂದೆ ಒಂದು ಪುಟ್ಟ ತಕ್ಕಡಿ, ಗುಲಗಂಜಿ, ಒಂದು ಕಪ್ಪು ಒರೆಗಲ್ಲು. ನಾಣ್ಯ ಕೈಗೆ ಬಂದೊಡನೆ ಅವನು ಕೇಳಿಕೊಳ್ಳುವ ಪ್ರಶ್ನೆ ಮೂರು.

ಮೊದಲನೆಯದು: ತೂಕ ಸರಿ ಇದೆಯೇ? ಕೈಯಿಂದ ಕೈಗೆ ಹೋಗಿ ನಾಣ್ಯ ಸವೆಯುತ್ತದೆ. ಅಂಚನ್ನು ಕೆರೆದು ಪುಡಿ ಉಳಿಸಿಕೊಳ್ಳುವ ಚತುರರೂ ಇದ್ದರು.

ಎರಡನೆಯದು: ಮಟ್ಟ ಎಷ್ಟು? ಅಂದರೆ ಚಿನ್ನದಲ್ಲಿ ತಾಮ್ರ, ಬೆಳ್ಳಿ ಎಷ್ಟು ಬೆರೆತಿದೆ? ವಿಜ್ಞಾನ ಓದಿದ ನಾನು ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಶುದ್ಧ ಚಿನ್ನದ ಸಾಂದ್ರತೆ ಘನ ಸೆಂಟಿಮೀಟರಿಗೆ 19.3 ಗ್ರಾಂ, ತಾಮ್ರದ್ದು 8.96. ಆರ್ಕಿಮಿಡೀಸನ ಹಾಗೆ ನೀರಿನಲ್ಲಿ ಮುಳುಗಿಸಿ ಪರೀಕ್ಷಿಸಬಾರದೇ ಎಂದು ನೀವು ಕೇಳಬಹುದು. ಆದರೆ ಒಂದು ಹಣದ ಗಾತ್ರ ಘನ ಸೆಂಟಿಮೀಟರಿನ ಐವತ್ತನೆಯ ಒಂದು ಭಾಗದಷ್ಟು. ಅದು ಸರಿಸುವ ನೀರು ಅರ್ಧ ಹನಿಯೂ ಆಗುವುದಿಲ್ಲ. ಆದ್ದರಿಂದ ಚಿನಿವಾರ ಒರೆಗಲ್ಲನ್ನು ನಂಬಿದ. ನಾಣ್ಯವನ್ನು ಕಲ್ಲಿಗೆ ಉಜ್ಜಿ ಒಂದು ಗೆರೆ, ಪಕ್ಕದಲ್ಲಿ ಮಟ್ಟ ಗೊತ್ತಿರುವ ಚಿನ್ನದ ಕಡ್ಡಿಯಿಂದ ಇನ್ನೊಂದು ಗೆರೆ. ಎರಡು ಗೆರೆಗಳ ಬಣ್ಣ ಹೋಲಿಸಿ ತೀರ್ಪು. ಪರೀಕ್ಷಿಸಿದ ನಾಣ್ಯದ ಮೇಲೆ ಸರಾಫರು ತಮ್ಮ ಸಣ್ಣ ಗುರುತನ್ನು ಒತ್ತುವುದೂ ಇತ್ತು. ಹಳೆಯ ಬೆಳ್ಳಿ ರೂಪಾಯಿಗಳ ಮೇಲೆ ಆ ಚುಕ್ಕೆ, ಹೂವು, ಅಕ್ಷರಗಳನ್ನು ಇಂದೂ ನೋಡಬಹುದು.

ಮೂರನೆಯದು: ಈ ನಾಣ್ಯ ಈ ಊರಿನಲ್ಲಿ ಯಾರಿಗೆ ಬೇಕು? ಮೊದಲ ಎರಡು ಪ್ರಶ್ನೆಗಳು ಲೋಹದ್ದು, ಇದು ಮನುಷ್ಯರದ್ದು. ಮದರಾಸಿಗೆ ಸರಕು ತರಲು ಹೊರಟ ವ್ಯಾಪಾರಿಗಳು ಹೆಚ್ಚಿದ್ದ ದಿನ ನಕ್ಷತ್ರ ವರಹಕ್ಕೆ ಬೆಲೆ. ಕಂದಾಯದ ಕಂತು ಹತ್ತಿರವಾದಾಗ ಕಂಠೀರಾಯಿ ಹಣಕ್ಕೆ ಬೆಲೆ. ಮೇಲುಕೋಟೆಯ ವೈರಮುಡಿಗೆ ತಮಿಳು ಸೀಮೆಯಿಂದ ಯಾತ್ರಿಕರು ಬಂದು ಇಳಿದ ದಿನ ಅವರ ಕೈಯ ನಾಣ್ಯ ಅಗ್ಗವಾಗುವುದು ಸಹಜ. ಎಲ್ಲರೂ ಅದನ್ನೇ ಕೊಡಲು ಬಂದರೆ ಕೊಳ್ಳುವವನು ಬೆಲೆ ಇಳಿಸದೆ ಬಿಡುವನೇ?

ಈ ಮೂರನ್ನೂ ಲೆಕ್ಕ ಹಾಕಿ ಚಿನಿವಾರ ಕಡಿದುಕೊಳ್ಳುತ್ತಿದ್ದುದಕ್ಕೆ ವಟ್ಟ ಎಂದು ಹೆಸರು. ವಾಣಿಜ್ಯಶಾಸ್ತ್ರ ಓದುವವರು ಬಳಸುವ ವಟಾವು ಎಂಬ ಮಾತು ಇದರ ಬಳಗದ್ದೇ. ಚಿನಿವಾರನನ್ನು ಖಳನಾಯಕನನ್ನಾಗಿ ಮಾಡುವುದು ಸುಲಭ. ಆದರೆ ಖೋಟಾ ನಾಣ್ಯ ಬಂದರೆ ನಷ್ಟ ಅವನದು, ಬೆಲೆ ಬಿದ್ದರೆ ನಷ್ಟ ಅವನದು. ಅವನಿಲ್ಲದಿದ್ದರೆ ಸಂತೆಯೇ ನಿಲ್ಲುತ್ತಿತ್ತು. ತೊಂದರೆ ಇದ್ದದ್ದು ಬೇರೆ ಕಡೆ. ನಾಲ್ಕು ಜನ ಚಿನಿವಾರರಿದ್ದ ಪೇಟೆಯಲ್ಲಿ ರೈತ ಒಬ್ಬನನ್ನು ಬಿಟ್ಟು ಇನ್ನೊಬ್ಬನ ಬಳಿ ಹೋಗಬಹುದಿತ್ತು. ಒಬ್ಬನೇ ಇದ್ದ ಊರಿನಲ್ಲಿ, ನಾಳೆಯೇ ಕಂದಾಯ ಕಟ್ಟಬೇಕಾದವನು ಅವನು ಹೇಳಿದ ದರಕ್ಕೆ ತಲೆಬಾಗಬೇಕಿತ್ತು.

ತೆರಿಗೆಯನ್ನು ಯಾವುದರಲ್ಲಿ ಕಟ್ಟಬೇಕು ಎಂಬುದೇ ದಂಗೆಗೆ ಕಾರಣವಾದದ್ದೂ ಉಂಟು. 1834ರಲ್ಲಿ ಕಂಪನಿ ಕೊಡಗನ್ನು ವಶಪಡಿಸಿಕೊಂಡು ಅಮರ ಸುಳ್ಯ, ಪುತ್ತೂರು ಸೀಮೆಗಳನ್ನು ಕನ್ನಡ ಜಿಲ್ಲೆಗೆ ಸೇರಿಸಿತು. ಕೊಡಗಿನ ಅರಸರ ಕಾಲದಲ್ಲಿ ಬೆಳೆಯ ರೂಪದಲ್ಲಿ ಕೊಡುತ್ತಿದ್ದ ಕಂದಾಯವನ್ನು ಇನ್ನು ನಗದಿನಲ್ಲಿ ಕಟ್ಟಬೇಕಾಯಿತು. ನಗದು ಬೇಕಾದರೆ ಬೆಳೆಯನ್ನು ಬಂದ ಬೆಲೆಗೆ ಮಾರಬೇಕು, ಇಲ್ಲವೇ ಸಾಲ ಮಾಡಬೇಕು. 1837ರ ಅಮರ ಸುಳ್ಯದ ರೈತ ದಂಗೆಗೆ ಇದ್ದ ಕಾರಣಗಳಲ್ಲಿ ಇದೂ ಒಂದು. ಅಲ್ಲಿ ಜನ ಗಡಿ ದಾಟಲಿಲ್ಲ. ಗಡಿಯೇ ಜನರ ಮೇಲೆ ಹಾದುಹೋಯಿತು.

ಏಳು ಲಕ್ಷ, ಆದರೆ ಯಾವ ವರಹ?

ರೈತನಿಗೆ ಬಂದ ಕಷ್ಟ ರಾಜ್ಯಕ್ಕೂ ಬಂತು. 1792ರ ಮಾರ್ಚಿಯಲ್ಲಿ ಆದ ಶ್ರೀರಂಗಪಟ್ಟಣದ ಒಪ್ಪಂದದಂತೆ ಟಿಪ್ಪು ಅರ್ಧ ರಾಜ್ಯದ ಜೊತೆಗೆ 3 ಕೋಟಿ 30 ಲಕ್ಷ ರೂಪಾಯಿ ಕೊಡಬೇಕಾಯಿತು. ಅರ್ಧ ಹಣ ಕೂಡಲೇ ಸಲ್ಲಬೇಕು. ವರಹವಿರಲಿ, ಮೊಹರಿರಲಿ, ರೂಪಾಯಿಯಿರಲಿ, ಪೂರ್ಣ ತೂಕ ಪೂರ್ಣ ಮಟ್ಟದ್ದೇ ಆಗಿರಬೇಕು ಎಂದು ಬರೆಸಿಕೊಂಡರು. ಯುದ್ಧ ಗೆದ್ದವರೂ ಚಿನಿವಾರನ ಮೊದಲ ಎರಡು ಪ್ರಶ್ನೆಗಳನ್ನು ಮರೆತಿರಲಿಲ್ಲ.

1799ರ ಜುಲೈ 8ರ ಸಹಾಯಕ ಸೈನ್ಯ ಒಪ್ಪಂದದ ಪ್ರಕಾರ ಮೈಸೂರು ಕಂಪನಿಗೆ ವರ್ಷಕ್ಕೆ 7 ಲಕ್ಷ ವರಹ ಪೊಗದಿ ಕೊಡಬೇಕು. ಯಾವ ವರಹ? ನಕ್ಷತ್ರ ವರಹ. ಮೈಸೂರಿನ ಲೆಕ್ಕವೆಲ್ಲ ಕಂಠೀರಾಯಿ ವರಹದಲ್ಲಿ. ಇಲ್ಲಿ ಕಾಗದ, ಪೆನ್ಸಿಲು ತೆಗೆದುಕೊಳ್ಳಿ.

1818ರಲ್ಲಿ ಮದರಾಸು ಸರ್ಕಾರ ವರಹವನ್ನು ಬಿಟ್ಟು ರೂಪಾಯಿಗೆ ಬಂದಾಗ 100 ನಕ್ಷತ್ರ ವರಹಕ್ಕೆ 350 ರೂಪಾಯಿ ಎಂದು ಗೊತ್ತುಮಾಡಿತು. ಅಂದರೆ ಒಂದಕ್ಕೆ ಮೂರೂವರೆ. ಮೈಸೂರಿನ 19ನೆಯ ಶತಮಾನದ ಲೆಕ್ಕದಲ್ಲಿ ಕಂಠೀರಾಯಿ ಹಣವೊಂದಕ್ಕೆ 4 ಆಣೆ 8 ಪೈ. ಹತ್ತು ಹಣದ ವರಹಕ್ಕೆ 2 ರೂಪಾಯಿ 14 ಆಣೆ 8 ಪೈ. ಇವೆರಡನ್ನೂ ಪಕ್ಕದಲ್ಲಿಟ್ಟು ಭಾಗಿಸಿದರೆ 5 ನಕ್ಷತ್ರ ವರಹ 6 ಕಂಠೀರಾಯಿ ವರಹಕ್ಕೆ ಸಮ. ನಮ್ಮ ರೈತನ ಕಥೆಯಲ್ಲಿ ಬಂದ 12 ಹಣದ ದರ ಈ ಲೆಕ್ಕದಿಂದಲೇ ಬಂದದ್ದು. ಹಾಗಾದರೆ 7 ಲಕ್ಷ ನಕ್ಷತ್ರ ವರಹ ಎಂದರೆ ಮೈಸೂರಿನ ಲೆಕ್ಕದಲ್ಲಿ 8 ಲಕ್ಷ 40 ಸಾವಿರ ವರಹ. ವರಹದ ಹಿಂದಿನ ಒಂದು ವಿಶೇಷಣದಲ್ಲಿ ವರ್ಷಕ್ಕೆ 1 ಲಕ್ಷ 40 ಸಾವಿರ ವರಹದ ವ್ಯತ್ಯಾಸ ಅಡಗಿತ್ತು!

ರೂಪಾಯಿಯಲ್ಲಿ ಈ ಪೊಗದಿ 24 ಲಕ್ಷ 50 ಸಾವಿರ. 1831ರಲ್ಲಿ ಕಂಪನಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತವನ್ನು ತೆಗೆದುಕೊಂಡಾಗ ನಗರದ ರೈತ ದಂಗೆ, ಆಡಳಿತದ ಅವ್ಯವಸ್ಥೆಗಳ ಜೊತೆಗೆ ಪೊಗದಿಯ ಬಾಕಿಯ ಮಾತೂ ಬಂತು. 1881ರಲ್ಲಿ ರಾಜ್ಯ ಮರಳಿ ದೊರೆತಾಗ ಪೊಗದಿಯನ್ನು 35 ಲಕ್ಷಕ್ಕೆ ಏರಿಸಲಾಯಿತು. ಶ್ರೀರಂಗಪಟ್ಟಣದ ದ್ವೀಪವೂ ಮೈಸೂರಿಗೆ ಬಂತು; ಬದಲಿಗೆ ಬೆಂಗಳೂರಿನ ದಂಡು ಪ್ರದೇಶ ಬ್ರಿಟಿಷರಿಗೆ ಹೋಯಿತು.

ಅಷ್ಟು ಹೊತ್ತಿಗೆ ನಾಣ್ಯಗಳ ಜಗಳ ಬಹಳ ಮಟ್ಟಿಗೆ ಮುಗಿದಿತ್ತು. 1835ರ ಕಾಯಿದೆ 180 ಗ್ರೇನ್ ತೂಕದ, ಅದರಲ್ಲಿ 165 ಗ್ರೇನ್ ಶುದ್ಧ ಬೆಳ್ಳಿಯ, ಒಂದೇ ರೂಪಾಯಿಯನ್ನು ಕಂಪನಿಯ ಸೀಮೆಗೆಲ್ಲ ತಂದಿತು. ಮೈಸೂರಿನಿಂದ ಬೆಂಗಳೂರಿಗೆ ಬಂದಿದ್ದ ಟಂಕಸಾಲೆ 1843ರಲ್ಲಿ ಮುಚ್ಚಿತು. ಮುಮ್ಮಡಿಯವರ ಕಾಲದ ಮಯಿಲಿ ಕಾಸಿನ ಮೇಲೆ ಕನ್ನಡ, ಪಾರಸಿ, ಇಂಗ್ಲಿಷು ಮೂರೂ ಲಿಪಿಗಳಿದ್ದವು. ಮೂರು ಬಗೆಯ ಓದುಗರನ್ನು ಒಪ್ಪಿಸಬೇಕಾಗಿದ್ದ ನಾಣ್ಯ ಅದು.

ತುಂಗಭದ್ರೆಯ ಎರಡು ದಡ

ಕಾವೇರಿಯ ಕಥೆ ಮುಗಿದರೂ ತುಂಗಭದ್ರೆಯ ಕಥೆ ಇನ್ನೂ ಒಂದು ಶತಮಾನ ನಡೆಯಿತು. ಹಂಪಿ ಮದರಾಸು ಪ್ರಾಂತ್ಯದಲ್ಲಿ, ಎದುರು ದಡದ ಆನೆಗೊಂದಿ ಹೈದರಾಬಾದ್ ನಿಜಾಮರ ರಾಜ್ಯದಲ್ಲಿ. ಹರಿಗೋಲಿನಲ್ಲಿ ಹೊಳೆ ದಾಟಿದರೆ ರೂಪಾಯಿಯೇ ಬೇರೆ. ಬ್ರಿಟಿಷ್ ರೂಪಾಯಿಗೆ ಕಲ್ದಾರ್ ಎಂದೂ ನಿಜಾಮರ ರೂಪಾಯಿಗೆ ಹಾಲಿ ಸಿಕ್ಕ ಎಂದೂ ಹೆಸರು. 6 ಕಲ್ದಾರ್ ರೂಪಾಯಿಗೆ 7 ಹಾಲಿ ರೂಪಾಯಿ; ಒಂದಕ್ಕೆ 1 ರೂಪಾಯಿ 2 ಆಣೆ 8 ಪೈ. ರಾಯಚೂರು, ಕಲಬುರಗಿ, ಬೀದರದ ಹಿರಿಯರಿಗೆ ಈ ಲೆಕ್ಕ ಬಾಯಿಪಾಠವಾಗಿತ್ತು. 1948ರಲ್ಲಿ ಹೈದರಾಬಾದ್ ಭಾರತದಲ್ಲಿ ಸೇರಿದ ಮೇಲೆ, 1950ರ ದಶಕದಲ್ಲಿ ಹಾಲಿ ಸಿಕ್ಕ ಹಂತಹಂತವಾಗಿ ಮರೆಯಾಯಿತು. 1956ರ ನವೆಂಬರ್ 1ರಂದು ಎರಡೂ ದಡಗಳು ಒಂದೇ ರಾಜ್ಯವಾದವು. ಏಕೀಕರಣವೆಂದರೆ ಭಾಷೆ, ಭೂಪಟ ಎಂದಷ್ಟೇ ನೆನೆಯುತ್ತೇವೆ. ಹರಿಗೋಲಿನಿಂದ ಇಳಿದವನು ವಟ್ಟ ಕೊಡಬೇಕಾಗಿಲ್ಲದ ನೆಮ್ಮದಿಯನ್ನೂ ಅದರ ಪಕ್ಕದಲ್ಲಿ ಬರೆದಿಡಬೇಕು.

ಸಮುದ್ರದಾಚೆಗೂ ನಮ್ಮ ರೂಪಾಯಿ ನಡೆದದ್ದುಂಟು. ಕೊಲ್ಲಿ ನಾಡುಗಳಿಗಾಗಿ ಭಾರತ 1959ರಲ್ಲಿ ಬೇರೆ ನೋಟುಗಳನ್ನೇ ಅಚ್ಚು ಹಾಕಿಸಿತು. ಕುವೈತ್ 1961ರಲ್ಲಿ, ಬಹರೇನ್ 1965ರಲ್ಲಿ ತಮ್ಮ ದಿನಾರ್ ತಂದವು. 1966ರ ಜೂನ್ 6ರಂದು ನಮ್ಮ ರೂಪಾಯಿಯ ಬೆಲೆ ಇಳಿಯಿತು, ಡಾಲರಿಗೆ 4.76 ಇದ್ದದ್ದು 7.50 ಆಯಿತು. ಟಿಪ್ಪುವಿನ ಕೋಠಿಯಿದ್ದ ಮಸ್ಕತ್ತು ಸೇರಿದ ಒಮಾನ್ 1970ರವರೆಗೂ ಆ ನೋಟನ್ನು ಬಳಸಿತು.

ಇಂದಿನ ಪ್ರಯಾಣಿಕನಿಗೆ

ನಾನು ಮೊದಲ ಸಲ ಹೊರದೇಶಕ್ಕೆ ಹೋದಾಗ, ರಾತ್ರಿ ಇಳಿದ ವಿಮಾನ ನಿಲ್ದಾಣದಲ್ಲಿಯೇ ಕೈಯಲ್ಲಿದ್ದುದನ್ನೆಲ್ಲ ಬದಲಾಯಿಸಿಕೊಂಡೆ. "ಕಮಿಷನ್ ಇಲ್ಲ" ಎಂಬ ಫಲಕ ನೋಡಿ ಖುಷಿಪಟ್ಟೆ. ಮರುದಿನ ಪೇಟೆಯ ದರ ನೋಡಿದಾಗ ಮುಖ ಇಳಿದುಹೋಯಿತು. ಒಬ್ಬನೇ ಚಿನಿವಾರನಿದ್ದ ಊರಿನಲ್ಲಿ, ಅವಸರದ ರೈತನ ಹಾಗೆ, ನಾನೂ ನಿಂತಿದ್ದೆ.

ಕಮಿಷನ್ ಇಲ್ಲವೆಂದರೆ ವಟ್ಟ ದರದ ಒಳಗೆ ಕುಳಿತಿದೆ ಎಂದು ತಿಳಿಯಬೇಕು. ಫಲಕದಲ್ಲಿ ಎರಡು ದರಗಳಿರುತ್ತವೆ: ಅವರು ಕೊಳ್ಳುವ ದರ, ಅವರು ಮಾರುವ ದರ. ಒಂದು ವಿದೇಶಿ ನಾಣ್ಯವನ್ನು 80 ರೂಪಾಯಿಗೆ ಕೊಂಡು 90ಕ್ಕೆ ಮಾರುತ್ತಾರೆ ಎಂದಿಟ್ಟುಕೊಳ್ಳಿ. 9,000 ರೂಪಾಯಿ ಕೊಟ್ಟು 100 ನಾಣ್ಯ ಪಡೆದು, ಏನೂ ಖರ್ಚು ಮಾಡದೆ ಅದನ್ನೇ ಹಿಂತಿರುಗಿಸಿದರೆ ಕೈಗೆ 8,000 ಬರುತ್ತದೆ. ಎರಡು ದರಗಳ ನಡುವಿನ ಅಂತರ ಎಷ್ಟು ಕಿರಿದೋ ವ್ಯಾಪಾರ ಅಷ್ಟು ನ್ಯಾಯ. ಆದ್ದರಿಂದ ಹೊರಡುವ ಮುನ್ನ ಆ ದಿನದ ದರ ತಿಳಿದಿರಿ. ಗಡಿಯಲ್ಲಿ, ನಿಲ್ದಾಣದಲ್ಲಿ ಅಗತ್ಯವಿದ್ದಷ್ಟು ಮಾತ್ರ ಬದಲಾಯಿಸಿ, ಉಳಿದದ್ದನ್ನು ನಾಲ್ಕು ಅಂಗಡಿಗಳಿರುವ ಪೇಟೆಯಲ್ಲಿ ವಿಚಾರಿಸಿ. ಹೊರದೇಶದ ಅಂಗಡಿಯ ಕಾರ್ಡ್ ಯಂತ್ರ "ರೂಪಾಯಿಯಲ್ಲಿ ಕೊಡುವಿರಾ, ಇಲ್ಲಿಯ ಹಣದಲ್ಲೇ?" ಎಂದು ಕೇಳಿದರೆ ಅಲ್ಲಿಯ ಹಣವನ್ನೇ ಆರಿಸಿ. ರೂಪಾಯಿ ಎಂದರೆ ದರ ಕಟ್ಟುವ ಅಧಿಕಾರವನ್ನು ಆ ಯಂತ್ರದವರಿಗೆ ಬಿಟ್ಟುಕೊಟ್ಟಂತೆ. ಪರವಾನಗಿ ಇರುವ ಕಡೆಯಲ್ಲೇ ವ್ಯವಹರಿಸಿ, ರಸೀದಿ ಇಟ್ಟುಕೊಳ್ಳಿ. ಉಳಿದ ಹಣವನ್ನು ಮರಳಿಸುವಾಗ ಅದು ಬೇಕಾಗುತ್ತದೆ.

ಒರೆಗಲ್ಲು ಹೋಯಿತು, ತಕ್ಕಡಿ ಹೋಯಿತು. ನೋಟಿನಲ್ಲಿ ಚಿನ್ನವಿಲ್ಲ, ತೂಗಲು ಏನೂ ಇಲ್ಲ. ಆದರೆ ಚಿನಿವಾರನ ಮೂರನೆಯ ಪ್ರಶ್ನೆ ಹಾಗೆಯೇ ಉಳಿದಿದೆ: ಈ ಹಣ ಇಲ್ಲಿ ಯಾರಿಗೆ ಬೇಕು? ಅದಕ್ಕೆ ಉತ್ತರ ಗೊತ್ತಿರುವವನು ದರ ಹೇಳುತ್ತಾನೆ, ಗೊತ್ತಿಲ್ಲದವನು ದರ ಕೇಳುತ್ತಾನೆ. ನಾಗಮಂಗಲದ ಆ ರೈತನಿಗೆ ಭಾಗಾಕಾರ ಬಂದಿದ್ದರೆ, ಪಕ್ಕದ ಪೇಟೆಯ ದರ ತಿಳಿದಿದ್ದರೆ, ಐದು ಹಣ ಅವನ ಮನೆಯಲ್ಲೇ ಉಳಿಯುತ್ತಿತ್ತೇನೋ.

ಮುಂದಿನ ಸಲ ಕಾವೇರಿಯ ಸೇತುವೆ ದಾಟುವಾಗ ಜೇಬಿನ ಹತ್ತು ರೂಪಾಯಿಯನ್ನು ಒಮ್ಮೆ ಮುಟ್ಟಿ ನೋಡಿ. ಎರಡೂ ದಡದಲ್ಲಿ ಅದಕ್ಕೆ ಹತ್ತೇ ರೂಪಾಯಿ.

ಚರ್ಚೆಗೆ

1. 118 ಹಣ ಕಂದಾಯ ಕಟ್ಟಲು ಆ ರೈತನಿಗೆ ವರಹಕ್ಕೆ ಕನಿಷ್ಠ ಎಷ್ಟು ದರ ಸಿಗಬೇಕಿತ್ತು?
2. ಹೈದರಾಲಿ ತನ್ನ ವರಹದ ಮೇಲೆ ಹಳೆಯ ಚಿತ್ರವನ್ನೇ ಉಳಿಸಿಕೊಂಡದ್ದಕ್ಕೆ ಇನ್ನೇನು ಕಾರಣಗಳಿರಬಹುದು?
3. ಹಣ, ಆಣೆ, ಹಾಗ, ಮುಪ್ಪಾಗ, ದುಡ್ಡು ಇವುಗಳಲ್ಲಿ ಯಾವ ಮಾತುಗಳು ನಿಮ್ಮ ಮನೆಯ ಹಿರಿಯರ ನಾಲಿಗೆಯ ಮೇಲೆ ಇನ್ನೂ ಇವೆ? ಕೇಳಿ ಬರೆದುಕೊಳ್ಳಿ.